ಬೋರ್ಡಿನಲ್ಲಿ ಮಾತ್ರ ಇಂಗ್ಲಿಷ್

ಮೂವತ್ತೇ ದಿನದಲ್ಲಿ ಇಂಗ್ಲಿಷ್. ಗ್ಯಾರಂಟಿ. ಬೀದರಿನ ಕಂಬಗಳೂ ಭಾಲ್ಕಿಯ ಗೋಡೆಗಳೂ ಇದನ್ನೇ ಸಾರುತ್ತವೆ.

ಈ ಕೋಚಿಂಗ್ ಕ್ಲಾಸುಗಳಿಗೆ ಸೇರುವವರು ಯಾರು? ಹೈದರಾಬಾದಿನಲ್ಲಿ ಕೆಲಸ ಹುಡುಕುವ ಔರಾದಿನ ಪದವೀಧರ. ನರ್ಸಿಂಗ್ ಓದುವ ಭಾಲ್ಕಿಯ ಹುಡುಗಿ. ಅಂಗಡಿ ಬಾಗಿಲು ಹಾಕಿ ಬರುವ ನಲವತ್ತರ ಗೃಹಸ್ಥ.

2007ರಲ್ಲಿ ಸರ್ಕಾರ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸಲು ಶುರು ಮಾಡಿತು. ಆವತ್ತು ಶಾಲೆಗೆ ಸೇರಿದ ಮಗು ಹತ್ತು ವರ್ಷ ಇಂಗ್ಲಿಷ್ ಓದಿ ಎಸ್ಸೆಸ್ಸೆಲ್ಸಿ ಮುಗಿಸಿತು. ಈಗ ಕೈಯಾರೆ ಫೀಸು ಕಟ್ಟಿ ಮತ್ತೆ ಎಬಿಸಿಡಿಗೆ ಕೂತಿದೆ. ಹತ್ತು ವರ್ಷದಲ್ಲಿ ಆಗದ್ದು ಮೂವತ್ತು ದಿನದಲ್ಲಿ ಆಗುತ್ತದಂತೆ. ನಂಬಿ.

ಒಳಗೆ ನಡೆಯುವುದೇನು? ಮೇಷ್ಟ್ರು ಗಂಟೆಗಟ್ಟಲೆ ಕನ್ನಡದಲ್ಲೋ ದಖನಿ ಉರ್ದುವಿನಲ್ಲೋ ಹನ್ನೆರಡು ಟೆನ್ಸ್ ವಿವರಿಸುತ್ತಾರೆ. ವಿದ್ಯಾರ್ಥಿ ಬರೆದುಕೊಳ್ಳುತ್ತಾನೆ. ಮಾತಾಡಲು ಬಂದವನು ಬಾಯಿ ಬಿಡುವುದು ಹಾಜರಿ ಕೂಗಿದಾಗ ಮಾತ್ರ: ‘ಎಸ್ ಸರ್’.

ಉರ್ದುವಿನದೇ ದರ್ಬಾರಾಗಿದ್ದ ನಿಜಾಮನ ಕಾಲದಲ್ಲಿ ಭಾಲ್ಕಿ ಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಅದು ಧೈರ್ಯ. ಈ ಕ್ಲಾಸಿನವರು ಹೊರಗೆ ಇಂಗ್ಲಿಷ್ ಬೋರ್ಡು ಹಾಕಿ ಒಳಗೆ ಏನನ್ನೂ ಕಲಿಸುವುದಿಲ್ಲ. ಇದು ದಂಧೆ.

ಬೀದರ್ ಜಿಲ್ಲೆಯವರಿಗೆ ಭಾಷೆ ಹತ್ತುವುದಿಲ್ಲವೇ? ಮನೆಯಲ್ಲಿ ಕನ್ನಡ. ಉದ್ಗೀರಿನ ವ್ಯಾಪಾರಕ್ಕೆ ಮರಾಠಿ. ಬೀದರಿನ ಚೌಬಾರದ ಹರಟೆಗೆ ದಖನಿ. ಜಹೀರಾಬಾದಿಗೆ ಹೋದರೆ ತೆಲುಗು. ಯಾವುದನ್ನೂ ಟೆನ್ಸ್ ಬಾಯಿಪಾಠ ಮಾಡಿ ಕಲಿತದ್ದಲ್ಲ. ತಪ್ಪುತಪ್ಪಾಗಿ ಮಾತಾಡುತ್ತಲೇ ಕಲಿತದ್ದು. ಎದುರಿಗಿದ್ದವನು ನಗಲಿಲ್ಲ, ತೂಕ ಮಾಡಿ ಸಾಮಾನು ಕೊಟ್ಟ.

ಇಂಥವನಿಗೆ ಸಂದರ್ಶನದಲ್ಲಿ ಸಿಗುವ ಬಿರುದು: ‘ಕಮ್ಯುನಿಕೇಷನ್ ಇಲ್ಲ’. ಬಿರುದು ಕೊಟ್ಟ ಸಾಹೇಬರಿಗೆ ಬರುವುದು ಒಂದೂವರೆ ಭಾಷೆ.

ಗೇಟು ಕಾಯುವ ಕೆಲಸಕ್ಕೂ ಇಂಗ್ಲಿಷ್ ಬೇಕಂತೆ. ಕಳ್ಳರು ಯಾವ ಮೀಡಿಯಮ್ಮಿನಲ್ಲಿ ಓದಿದವರೋ!

ಸರ್ಕಾರವನ್ನು ಕೇಳಿದರೆ ಈ ಭಾಗಕ್ಕೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ತೋರಿಸುತ್ತದೆ. ಸರಿ, ಸೀಟು ಮೀಸಲಾಯಿತು. ಕನ್ನಡದಲ್ಲಿ ಓದಿದವನು ಎಂಜಿನಿಯರಿಂಗ್ ಸೇರಿದ ಮೊದಲ ದಿನವೇ ಪಾಠ ಪೂರ್ತಿ ಇಂಗ್ಲಿಷಿನಲ್ಲಿ. ಸೀಟು ಕೊಟ್ಟವರು ದಾಟಲು ಸೇತುವೆ ಕಟ್ಟಲಿಲ್ಲ. ಫೇಲಾದರೆ ‘ಹಿಂದುಳಿದ ಪ್ರದೇಶ’ ಎನ್ನುತ್ತಾರೆ. ಹಿಂದೆ ಉಳಿಸಿದವರ ಹೆಸರು ಮಾತ್ರ ಯಾವ ವರದಿಯಲ್ಲೂ ಬರುವುದಿಲ್ಲ.

ವಯಸ್ಕರಿಗೆ ಬೇಕಾದದ್ದು ಷೇಕ್ಸ್‌ಪಿಯರ್ ಅಲ್ಲ. ಫೋನಿನಲ್ಲಿ ಉತ್ತರ ಕೊಡುವುದು. ಅರ್ಜಿ ತುಂಬುವುದು. ತಾನು ಮಾಡುವ ಕೆಲಸವನ್ನು ಐದು ವಾಕ್ಯದಲ್ಲಿ ಹೇಳುವುದು. ಪಠ್ಯಪುಸ್ತಕದ ಒಂದು ಪುಟ ಓದಿ ಅರ್ಥ ಮಾಡಿಕೊಳ್ಳುವುದು. ಇಷ್ಟನ್ನು ಸರ್ಕಾರಿ ಕಾಲೇಜುಗಳ ಖಾಲಿ ಕೋಣೆಗಳಲ್ಲಿ ಸಂಜೆ ಹೊತ್ತು ಪುಕ್ಕಟೆ ಕಲಿಸಬಹುದು. ಆದರೆ ಅದರಲ್ಲಿ ಟೆಂಡರ್ ಇಲ್ಲವಲ್ಲ!

ಅಲ್ಲಿಯವರೆಗೆ, ಫೀಸು ಕಟ್ಟುವ ಮೊದಲು ಮೇಷ್ಟ್ರನ್ನು ಒಂದೇ ಮಾತು ಕೇಳಿ: ಒಂದು ಗಂಟೆಯ ಕ್ಲಾಸಿನಲ್ಲಿ ನನಗೆ ಮಾತಾಡಲು ಎಷ್ಟು ನಿಮಿಷ ಕೊಡುತ್ತೀರಿ? ‘ಮೊದಲು ಗ್ರಾಮರ್ ಆಗಲಿ’ ಎಂದರೆ ದುಡ್ಡು ಜೇಬಿನಲ್ಲೇ ಇಟ್ಟುಕೊಂಡು ಎದ್ದು ಬನ್ನಿ.