ಕಣದ ಎಸೆತ: ಒಂದು ಮೀಮಾಂಸೆ

ಕೊಡಗಿನ ಕಣ ಇರುವುದು ಕಾಫಿ ಒಣಗಿಸುವುದಕ್ಕೆ ಮಾತ್ರ ಎಂಬುದು ಲೋಕದ ತಪ್ಪು ತಿಳಿವಳಿಕೆ. ಒಕ್ಕಣೆಯ ಜಾಗವೂ ಕಣ, ಕಾಳಗದ ಜಾಗವೂ ಕಣ; ಭಾಷೆ ಸುಮ್ಮನೆ ಹೀಗೆ ಮಾಡುವುದಿಲ್ಲ. ಬೇಸ್‌ಬಾಲಿನಲ್ಲಿ ಇನ್‌ಫೀಲ್ಡರ್ ಎನಿಸಿಕೊಂಡ ಹುಡುಗನ ಕೆಲಸವೇನು? ನೆಲದ ಮೇಲೆ ಉರುಳಿ ಬಂದ ಚೆಂಡನ್ನು ಬಾಚಿಕೊಂಡು, ಓಟಗಾರ ಬೇಸ್ ಮುಟ್ಟುವ ಮೊದಲೇ ಅಲ್ಲಿಗೆ ತಲುಪಿಸುವುದು. ಕಣದಂಚಿನ ಕಿತ್ತಳೆ ಗಿಡಕ್ಕೆ ಕೋತಿ ಇಳಿದಾಗ ಮಣ್ಣಿನ ಹೆಂಟೆ ಹೆಕ್ಕಿಕೊಳ್ಳುವ ಹುಡುಗನದ್ದೂ ಇದೇ ಅವಸರ. ಆದ್ದರಿಂದ ಪ್ರತಿಜ್ಞೆ ಹೀಗಿದೆ: ಎಸೆತವೆಂಬುದು ಕೈಯ ವಿದ್ಯೆಯಲ್ಲ, ಕಾಲಿನ ವಿದ್ಯೆ, ಅದನ್ನು ಕಲಿಸಲು ಕೋತಿಗಿಂತ ದೊಡ್ಡ ಗುರುವಿಲ್ಲ.

ಪ್ರಮಾಣಗಳನ್ನು ನೋಡೋಣ. ನಿಂತಲ್ಲೇ ತೋಳು ಬೀಸಿದವನ ಹೆಂಟೆ ದನದ ಕೊಟ್ಟಿಗೆಯ ಹೆಂಚಿಗೆ ಹೋಗುತ್ತದೆ. ಬಲಗಾಲನ್ನು ಅಡ್ಡಲಾಗಿ ಊರಿ, ಎಡಭುಜವನ್ನು ಗುರಿಗೆ ತೋರಿಸಿ, ಎಡಗಾಲನ್ನು ಗುರಿಯತ್ತ ಇಟ್ಟವನದ್ದು ನೇರ ಹೋಗುತ್ತದೆ. ಮೊದಲು ಸೊಂಟ ತಿರುಗಬೇಕು, ಆಮೇಲೆ ಭುಜ, ಅದರ ಹಿಂದೆ ಮೊಣಕೈ, ಕಟ್ಟಕಡೆಗೆ ಮಣಿಕಟ್ಟು. ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ಹಿರಿಯರನ್ನು ದಾಟಿ ಕಿರಿಯ ಮುಂದೆ ನುಗ್ಗಿದರೆ ಆಗುವ ಗೊಂದಲವೇ ಸೊಂಟಕ್ಕಿಂತ ಮೊದಲು ತೋಳು ಹೊರಟರೂ ಆಗುತ್ತದೆ. ಇಲ್ಲಿ ಬೈಗುಳ ತಿನ್ನುವುದು ಮೊಣಕೈ: ಬೆಳೆಯುವ ವಯಸ್ಸಿನ ಎಲುಬಿನ ತುದಿ ಇನ್ನೂ ಮೆದು, ಬರೀ ತೋಳಿನ ಎಸೆತ ಅತಿಯಾದರೆ ಒಳಬದಿಯಲ್ಲಿ ನೋವು ಕೂರುತ್ತದೆ. ನೋವು ಬಂದವನಿಗೆ ವಿಶ್ರಾಂತಿಯೇ ಮದ್ದು, ಶೌರ್ಯವಲ್ಲ. ಹಿಡಿತದ ವಿಷಯದಲ್ಲಿ ಮಾತ್ರ ಹೆಂಟೆ ಸೋಲುತ್ತದೆ. ಬೇಸ್‌ಬಾಲಿಗೆ 108 ಜೋಡಿ ಹೊಲಿಗೆಗಳಿವೆ. ಬೆರಳುಗಳನ್ನು ಹೊಲಿಗೆಗೆ ಅಡ್ಡಲಾಗಿಟ್ಟರೆ ಚೆಂಡು ಪಕ್ಕಕ್ಕೆ ವಾಲದೆ ಸಾಗುತ್ತದೆ. ಅಷ್ಟೋತ್ತರ ಸಂಖ್ಯೆಯ ಹೊಲಿಗೆ ಇಟ್ಟುಕೊಂಡೂ ಆ ಆಟ ತಲಕಾವೇರಿಯಲ್ಲಿ ಹುಟ್ಟಲಿಲ್ಲವೆಂಬುದು ಇತಿಹಾಸದ ಪ್ರಮಾದ.

ಈಗ ಪೂರ್ವಪಕ್ಷ. ‘ಕೊಡಗು ಹಾಕಿಯ ನಾಡು, 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರುವಾದ ಕೊಡವ ಕೌಟುಂಬಿಕ ಹಾಕಿಗೆ 2024ರಲ್ಲಿ ನಾಪೋಕ್ಲಿನಲ್ಲಿ 360 ಕುಟುಂಬಗಳು ಬಂದವು. ಕೈಯಲ್ಲಿ ಚೆಂಡು ಮುಟ್ಟಿದರೆ ಸೀಟಿ ಊದುವ ಆಟದವರಿಗೆ ಎಸೆತವೇಕೆ?’ ಸಮಾಧಾನ: ಸೊಂಟ ಬಗ್ಗಿಸಿ ಚೆಂಡಿನ ದಾರಿಗೆ ಅಡ್ಡ ಬರುವುದು ಇನ್‌ಫೀಲ್ಡರನ ಅರ್ಧ ವಿದ್ಯೆ, ಅದನ್ನು ಹಾಕಿ ಆಗಲೇ ಕಲಿಸಿಬಿಟ್ಟಿದೆ. ಉಳಿದರ್ಧಕ್ಕೆ ಕ್ರಿಕೆಟ್ ಇದೆ: ಅದರ ಒಳವೃತ್ತದ 30 ಗಜವೂ ಬೇಸ್‌ಬಾಲಿನ ಎರಡು ಬೇಸ್‌ಗಳ ನಡುವಿನ 90 ಅಡಿಯೂ ಒಂದೇ. ‘ಕೈಲ್‌ಪೊಳ್ದ್ ಹಬ್ಬದಲ್ಲಿ ಮರದ ತುದಿಯ ತೆಂಗಿನಕಾಯಿಯನ್ನು ಕೋವಿಯಿಂದ ಉರುಳಿಸುವವರಿಗೆ ಹೆಂಟೆಯ ಹಂಗೇಕೆ?’ ಎನ್ನುವವರು ಆ ಗುರಿಕಾರನ ಎಡಭುಜ ಎತ್ತ ತಿರುಗಿದೆಯೆಂದು ನೋಡಲಿ. ಕೋವಿ ನಮ್ಮ ಸಾಕ್ಷಿಯೇ.

ಅತಿ ಗಟ್ಟಿಯಾದ ಆಕ್ಷೇಪ ಕೊನೆಯದು: ‘ಇಷ್ಟೆಲ್ಲ ಆದರೂ ಹೆಂಟೆ ಒಂದು ಕೋತಿಗೂ ತಗಲಿಲ್ಲವಲ್ಲ?’ ಆಕ್ಷೇಪಕರು ಅರಿಯದೆಯೇ ಸಿದ್ಧಾಂತವನ್ನು ಹೇಳಿದ್ದಾರೆ. ಬೇಸ್‌ಬಾಲಿನಲ್ಲಿ ಓಟಗಾರನಿಗೆ ಗುರಿಯಿಡುವವನು ದಡ್ಡ. ಚೆಂಡು ಹೋಗಬೇಕಾದ್ದು ಅವನು ತಲುಪಲಿರುವ ಬೇಸಿಗೆ. ಹಾಗೆಯೇ ಹೆಂಟೆ ಹೋಗಬೇಕಾದ್ದು ಕೋತಿ ಹಾರಲಿರುವ ಸಿಲ್ವರ್ ಓಕಿನ ಕೊಂಬೆಗೆ. ಆಟವೂ ಗೆಲ್ಲುತ್ತದೆ, ಅಹಿಂಸೆಯೂ ಉಳಿಯುತ್ತದೆ. ಕಿತ್ತಳೆ ಮಾತ್ರ ಉಳಿಯುವುದಿಲ್ಲ, ಅದು ತೋಟಗಾರಿಕೆಗೆ ಸೇರಿದ ಪ್ರಶ್ನೆ. ಇನ್ನು ಗುರುವಿನ ಯೋಗ್ಯತೆ. ಮನುಷ್ಯನ ಭುಜ ಎಳೆದ ರಬ್ಬರಿನಂತೆ ಶಕ್ತಿ ಕೂಡಿಟ್ಟು ಚಿಮ್ಮಿಸುತ್ತದೆಂದು ನೀಲ್ ರೋಚ್ ಮತ್ತು ಸಂಗಡಿಗರು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಚಿಂಪಾಂಜಿಗೇ ಇಲ್ಲದ ಈ ಸೌಕರ್ಯ ನಮ್ಮ ಕೋತಿಗೆ ಎಲ್ಲಿಂದ ಬರಬೇಕು? ತನಗೆ ಬಾರದ ವಿದ್ಯೆಯನ್ನು ಅದು ಕಲಿಸುತ್ತದೆ, ಸಂಭಾವನೆಯನ್ನು ಮೊದಲೇ ಸುಲಿದು ತಿನ್ನುತ್ತದೆ. ಪಾಂಡಿತ್ಯಕ್ಕೆ ಬೇರೆ ಲಕ್ಷಣ ಹುಡುಕಬೇಕಿಲ್ಲ.