ನ್ಯಾನೋ ಚೊಂಬು ಮಾರುವ ಕ್ರಮ

ಸಾದಾ ಸ್ಟೀಲ್ ಚೊಂಬುಗಳನ್ನು ಸಗಟಿನಲ್ಲಿ ತನ್ನಿ. ಅಂಬ್ಲಿಗೊಳ ಜಲಾಶಯದ ದಂಡೆಗೆ ಹೋಗಿ ಏರೋಪ್ಲೇನ್ ಚಿಟ್ಟೆಯ ಫೋಟೋ ಹೊಡೆಯಿರಿ. ಹಿಡಿಯುವ ಗೋಜು ಬೇಡ, ಲೇಬಲ್ಲಿಗೆ ಫೋಟೋ ಸಾಕು. ಕೆಳಗೆ ‘ರೋಗಾಣು ಮುಟ್ಟಿದರೆ ಸಾವು’ ಎಂದು ಅಚ್ಚು ಹಾಕಿಸಿ.

ಈಗ ವಿಜ್ಞಾನ ಕಲಿಯಿರಿ. ಏನನ್ನು ಹೇಳಬಾರದೆಂದು ತಿಳಿಯಬೇಕಲ್ಲ. 2012ರಲ್ಲಿ ಆಸ್ಟ್ರೇಲಿಯಾದ ಸ್ವಿನ್‌ಬರ್ನ್ ವಿಶ್ವವಿದ್ಯಾಲಯದ ಎಲೆನಾ ಇವನೋವಾ ತಂಡ ಜೀರುಂಡೆಯ ರೆಕ್ಕೆಯ ಮೇಲೆ ಬ್ಯಾಕ್ಟೀರಿಯಾ ಬಿಟ್ಟು ನೋಡಿತು. ಕೆಲವೇ ನಿಮಿಷಗಳಲ್ಲಿ ಸತ್ತವು. ರೆಕ್ಕೆಯ ತುಂಬ ಸುಮಾರು 200 ನ್ಯಾನೋಮೀಟರ್ ಎತ್ತರದ ಗೂಟಗಳು. ನಿಮ್ಮ ಲೇಬಲ್ಲಿನ ಏರೋಪ್ಲೇನ್ ಚಿಟ್ಟೆಯ ರೆಕ್ಕೆಯಲ್ಲೂ ಇಂಥವೇ. ಬ್ಯಾಕ್ಟೀರಿಯಾದ ಪೊರೆ ಗೂಟದ ತಲೆಗೆ ಅಂಟಿ, ನಡುವಿನ ಸಂದಿಗೆ ಜಗ್ಗಿ, ಬೇಲಿ ಮೇಲೆ ಎಳೆದು ಹರವಿದ ಹಳೇ ಪಂಚೆಯಂತೆ ಹರಿಯುತ್ತದೆ. ರೆಕ್ಕೆಗೆ ತೆಳ್ಳಗೆ ಚಿನ್ನ ಲೇಪಿಸಿದಾಗಲೂ ಸತ್ತವು. ಇದು ರಾಸಾಯನಿಕದ ಕೆಲಸವಲ್ಲವೆಂದು ಖಾತ್ರಿಯಾಯಿತು. ನೀವು ಚಿನ್ನವನ್ನಷ್ಟೇ ನೆನಪಿಡಿ. ಬೆಲೆ ಹೇಳುವಾಗ ಬೇಕಾಗುತ್ತದೆ.

ಅಂಥ ನಾನೂರು ಗೂಟಗಳನ್ನು ಒಂದರ ಮೇಲೊಂದು ನಿಲ್ಲಿಸಿದರೆ ಹೆಚ್ಚುಕಡಿಮೆ ಒಂದು ಕೂದಲಿನ ದಪ್ಪ. ಕಣ್ಣಿಗೆ ಕಾಣದ್ದೇ ನಿಮ್ಮ ಬಂಡವಾಳ. ಶಿಕಾರಿಪುರದ ಸಂತೆಗಾಗಲಿ ಸೊರಬಕ್ಕಾಗಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಚೀಲದಲ್ಲಿಟ್ಟುಕೊಂಡು ಬರುವ ಗಿರಾಕಿಯಿಲ್ಲ. ಚೊಂಬನ್ನು ಬಿಸಿಲಿಗೆ ಹಿಡಿದು ‘ಕಾಣ್ತದಲ್ಲ?’ ಎನ್ನಿ. ಗುಂಪಿನಲ್ಲಿ ಒಬ್ಬರಾದರೂ ‘ಹೌದು’ ಎನ್ನುತ್ತಾರೆ. ಅವರಿಗೆ ಹತ್ತು ರೂಪಾಯಿ ಬಿಡಿ.

‘ಇದ್ರಾಗೆ ಇಟ್ಟ ನೀರೆಲ್ಲ ಶುದ್ಧ ಆಗ್ತದೇನೋ ತಮ್ಮಾ?’ ಎಂದು ಅಜ್ಜಿ ಕೇಳಿದರೆ ‘ಹ್ಞೂಂ ಅಜ್ಜಿ’ ಎನ್ನಿ. ಮೇಲ್ಮೈಗೆ ಬಂದು ಅಂಟಿದ್ದು ಮಾತ್ರ ಸಾಯುವುದು, ನಡುನೀರಲ್ಲಿ ಈಜುವುದಕ್ಕೆ ಏನೂ ಆಗದು ಎಂಬುದನ್ನು ನುಂಗಿಕೊಳ್ಳಿ. ‘ಬೂದಿ ಹಾಕಿ ತಿಕ್ಕಬಹುದಾ?’ ಎಂದರೆ ಅನುಮಾನಿಸಬೇಡಿ. ನಿಜವಾದ ಗೂಟಗಳಾಗಿದ್ದರೆ ಸವೆಯುವ ಭಯ. ನಿಮ್ಮದರಲ್ಲಿ ಗೂಟವೇ ಇಲ್ಲ. ಆಜೀವ ಗ್ಯಾರಂಟಿ ಕೊಡಿ.

ಕಾಲೇಜು ಹುಡುಗರಿಂದ ದೂರವಿರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೌಶಿಕ್ ಚಟರ್ಜಿ ತಂಡ ಟೈಟಾನಿಯಂ ಮೇಲೆ ಇಂಥ ರಚನೆ ಮೂಡಿಸಿ 2017ರಲ್ಲಿ ಪ್ರಕಟಿಸಿದ್ದು ಮೂಳೆಗೆ ಜೋಡಿಸುವ ಇಂಪ್ಲಾಂಟ್ ಮನಸ್ಸಿನಲ್ಲಿಟ್ಟುಕೊಂಡು, ಚೊಂಬಿಗಲ್ಲ ಎಂದು ಬಾಯಿಬಿಟ್ಟಾರು. ಬಿಟ್ಟರೆ ‘ಅದೇ ಟೆಕ್ನಾಲಜಿ!’ ಎಂದು ಅವರಿಗಿಂತ ಜೋರಾಗಿ ಕೂಗಿ.

ಹೊಟ್ಟೆ ಕೆಟ್ಟಿತೆಂದು ಯಾರಾದರೂ ವಾಪಸು ಬಂದರೆ ನೀರು ಕುದಿಸಿ ಆರಿಸಿ ತುಂಬಿದಿರಾ ಎಂದು ಗದರಿ. ಇಲ್ಲವೆಂದರೆ ತಪ್ಪು ಅವರದೇ. ಕುದಿಸಿ ಕುಡಿದು ಗುಣವಾದರೆ ಆ ಪುಣ್ಯವನ್ನು ಚೊಂಬಿನ ಲೆಕ್ಕಕ್ಕೆ ಬರೆದುಕೊಳ್ಳಿ.