ಫಾಟಾಪರ್ವ: ಪುಣೆ ಜಿಲ್ಲೆಯ ವೇಳಾಪಟ್ಟಿಯ ಪರಿಷ್ಕೃತ ಆವೃತ್ತಿಗೆ ಪ್ರಸ್ತಾವನೆ

ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದವರು ಮಹಾಭಾರತದ ಪರಿಷ್ಕೃತ ಆವೃತ್ತಿಗೆ 1919ರಲ್ಲಿ ಕೈಹಚ್ಚಿ 1966ರಲ್ಲಿ ಮುಗಿಸಿದರು. 1,259 ಹಸ್ತಪ್ರತಿಗಳನ್ನು ತಾಳೆ ನೋಡಿದ ಆ ವಿದ್ವಾಂಸರ ಮುಂದೆ ತಲೆಬಾಗಿಯೇ ಈ ಮಾತು ಹೇಳಬೇಕು: ಅದೇ ಜಿಲ್ಲೆಯಲ್ಲಿ, ಮಹಾಭಾರತಕ್ಕಿಂತ ಹೆಚ್ಚು ಜನ ದಿನಾ ಕತ್ತೆತ್ತಿ ಓದುವ, ಪಾಠಾಂತರಗಳಲ್ಲಿ ಮಹಾಭಾರತವನ್ನೂ ಮೀರಿಸುವ ಇನ್ನೊಂದು ಗ್ರಂಥ ಸಂಪಾದಕನಿಲ್ಲದೆ ಗೋಡೆಗೆ ಅಂಟಿಕೊಂಡಿದೆ. ಅದು ಬಸ್ಸು-ರೈಲುಗಳ ವೇಳಾಪಟ್ಟಿ. ಮರಾಠಿಯಲ್ಲಿ ಅದನ್ನು ವೇಳಾಪತ್ರಕ ಎನ್ನುತ್ತಾರೆ. ಅದರ ಕರ್ತೃ ಯಾರೆಂದು ಯಾರಿಗೂ ಗೊತ್ತಿಲ್ಲ. ಅಪೌರುಷೇಯವೆಂದು ನಂಬುವವರೂ ಇದ್ದಾರೆ. ಮನುಷ್ಯರು ಬರೆದಿದ್ದರೆ ಮನುಷ್ಯರಿಗೆ ಅನುಕೂಲವಾಗುವಂತೆ ಬರೆಯುತ್ತಿದ್ದರು ಎಂಬುದು ಅವರ ವಾದ.

ಈ ಕೊರತೆಯನ್ನು ತುಂಬಲು ಪುಣೆಯ ಕೆಲವು ಕನ್ನಡಿಗರು ಕೂಡಿ ಸಂಪಾದಕ ಮಂಡಳಿಯೊಂದನ್ನು ಕಟ್ಟಿಕೊಂಡೆವು. ಉಡುಪಿ ಹೋಟೆಲಿನ ಮೂಲೆಯ ಮೇಜೇ ನಮ್ಮ ಕಚೇರಿ.

ಕಾಲನಿರ್ಣಯ

ಗ್ರಂಥದ ಕಾಲದ ವಿಷಯದಲ್ಲಿ ಮೊದಲಿಗೇ ಒಂದು ತೊಡಕು ಎದುರಾಯಿತು. ಡೆಕ್ಕನ್ ಕ್ವೀನ್ ರೈಲು ಪುಣೆ–ಮುಂಬಯಿ ನಡುವೆ ಓಡತೊಡಗಿದ್ದು 1930ರ ಜೂನ್ 1ರಂದು. ರಾಜ್ಯ ಸಾರಿಗೆಯ ಎಸ್‌ಟಿ ಬಸ್ಸು ಪುಣೆಯಿಂದ ಅಹಮದನಗರಕ್ಕೆ, ಅಂದರೆ ಈಗಿನ ಅಹಿಲ್ಯಾನಗರಕ್ಕೆ, ಮೊದಲ ಸಲ ಹೊರಟದ್ದು 1948ರ ಜೂನ್ 1ರಂದು. ಸರ್ಕಾರಿ ಶಾಲೆಯಲ್ಲಿ ಓದಿದ ಕನ್ನಡಿಗನಿಗೆ ಇಲ್ಲಿ ಮೂಗು ಚುರುಕಾಗದೆ ಇರದು. ನಮ್ಮ ತಲೆಮಾರಿನಲ್ಲಿ ಎಷ್ಟೋ ಜನ ಹುಟ್ಟಿದ್ದು ಜೂನ್ 1ರಂದೇ. ಹೆತ್ತವರಿಗೆ ತಾರೀಕು ನೆನಪಿಲ್ಲದಿದ್ದಾಗ ಹೆಡ್‌ಮಾಸ್ತರು ಬರೆದುಕೊಳ್ಳುತ್ತಿದ್ದ ದಿನ ಅದು. ರೈಲನ್ನೂ ಬಸ್ಸನ್ನೂ ಯಾರೋ ಹೆಡ್‌ಮಾಸ್ತರೇ ಒಂದನೇ ಇಯತ್ತೆಗೆ ಸೇರಿಸಿರಬೇಕೆಂದು ಮಂಡಳಿಯಲ್ಲಿ ಎರಡು ಚಹಾದಷ್ಟು ಹೊತ್ತು ವಾದ ನಡೆಯಿತು. ಎರಡೂ ತಾರೀಕು ದಾಖಲೆಯಲ್ಲಿ ಗಟ್ಟಿಯಾಗಿವೆ, ಕ್ವೀನಿನ ಖಾಯಂ ಪ್ರಯಾಣಿಕರು ಪ್ರತಿ ವರ್ಷ ಆ ದಿನ ಕೇಕು ಕೊಯ್ಯುವುದೂ ಉಂಟು. ಹಾಗಾಗಿ ವಾದ ಬಿತ್ತು. ಅನುಮಾನ ಮಾತ್ರ ಅಡಿಟಿಪ್ಪಣಿಯಲ್ಲಿ ಉಳಿದಿದೆ.

ಗ್ರಂಥದ ಆದಿಪರ್ವ ಇನ್ನೂ ಹಿಂದಿನದು. ಪುಣೆಗೆ ರೈಲು ಬಂದದ್ದು 1858ರ ಜೂನಿನಲ್ಲಿ; ಆದರೆ ಬಂದದ್ದು ಖಂಡಾಳೆಯಿಂದ. ಬೋರ್ ಘಾಟದ ಹಳಿ ಮುಗಿದದ್ದು 1863ರಲ್ಲಿ. ನಡುವಿನ ವರ್ಷಗಳಲ್ಲಿ ಮುಂಬಯಿಯವರು ಖೋಪೋಲಿಯಲ್ಲಿ ರೈಲಿಳಿದು, ಪಲ್ಲಕ್ಕಿಯಲ್ಲೋ ತಟ್ಟುವಿನ ಮೇಲೋ ಗಾಡಿಯಲ್ಲೋ ಘಟ್ಟ ಹತ್ತಿ, ಖಂಡಾಳೆಯಲ್ಲಿ ಮತ್ತೆ ರೈಲು ಹಿಡಿಯುತ್ತಿದ್ದರು. ರೈಲು, ಆಮೇಲೆ ಸಿಕ್ಕಿದ್ದು, ಆಮೇಲೆ ಮತ್ತೆ ರೈಲು: ಇಂದಿಗೂ ಜಿಲ್ಲೆಯ ಸಂಚಾರಕ್ಕೆ ಇದೇ ಸೂತ್ರ, ತಟ್ಟುವಿನ ಜಾಗಕ್ಕೆ ಆರು ಸೀಟಿನ ರಿಕ್ಷಾ ಬಂದಿದೆ ಅಷ್ಟೆ. ಅದರಲ್ಲಿ ಆರೇ ಜನ ಕೂತದ್ದನ್ನು ಕಂಡವರಿದ್ದರೆ ಮಂಡಳಿಗೆ ತಿಳಿಸಬೇಕು.

ಅದೇ 1858ರಲ್ಲಿ ನಮ್ಮ ಘಟ್ಟದ ಗಂಗಾಮೂಲದಲ್ಲಿ ಪಂಡಿತಾ ರಮಾಬಾಯಿ ಹುಟ್ಟಿದರು. ಕ್ಷೇತ್ರದಿಂದ ಕ್ಷೇತ್ರಕ್ಕೆ ಇಡೀ ಸಂಸಾರ ಕಾಲ್ನಡಿಗೆಯಲ್ಲಿ ಅಲೆದದ್ದು ಅವರ ಬಾಲ್ಯ. ಮುಂದೆ ಅವರು ಮುಕ್ತಿ ಮಿಷನ್ ಕಟ್ಟಲು ಆರಿಸಿಕೊಂಡ ಊರು ಪುಣೆ–ದೌಂಡ್ ಹಳಿಯ ಮೇಲಿನ ಕೇಡಗಾಂವ್. ಅಷ್ಟು ನಡೆದವರು ರೈಲಿನ ಪಕ್ಕದಲ್ಲಿ ಮನೆ ಹುಡುಕಿದ್ದರಲ್ಲಿ ಆಶ್ಚರ್ಯವೇನು? ಇಲ್ಲಿ ನಮ್ಮ ಅಣಕು ಒಂದು ಗಳಿಗೆ ಬಾಯಿ ಮುಚ್ಚಿಕೊಳ್ಳುತ್ತದೆ.

ಹಸ್ತಪ್ರತಿಗಳು

ಲಿಪಿಕಾರನ ಕೈತಪ್ಪು ಯಾವುದು, ಹಿಂದಿನಿಂದ ತುರುಕಿದ್ದು ಯಾವುದು ಎಂದು ಬೇರ್ಪಡಿಸುವ ವಿದ್ಯೆಯನ್ನು ಡಿ. ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ನಮಗೆ ಕಲಿಸಿಕೊಟ್ಟಿದ್ದಾರೆ. ಹಸ್ತಪ್ರತಿಗೆ ಬೆನ್ನು ಆನಿಸಿ ಒಬ್ಬರು ಗೊರಕೆ ಹೊಡೆಯುತ್ತಿದ್ದರೆ ಕೆಳಗಿನ ಸಾಲುಗಳನ್ನು ಓದುವುದು ಹೇಗೆ ಎಂಬುದಕ್ಕೆ ಮಾತ್ರ ನಾವೇ ದಾರಿ ಹುಡುಕಬೇಕಾಯಿತು.

ಅತಿ ಹಳೆಯ ಪ್ರತಿ ಎಂದರೆ ಗೋಡೆಯ ಮೇಲೆ ಎಣ್ಣೆಬಣ್ಣದಲ್ಲಿ ಬರೆದದ್ದು. ಕೊನೆಯ ಸಾಲಿನ ಕೆಳಗೆ ಪೇಂಟರು ತನ್ನ ಹೆಸರನ್ನು ವಚನಕಾರರ ಅಂಕಿತದಂತೆ ಹಾಕಿಕೊಂಡಿರುತ್ತಾನೆ, ಹಾಗಾಗಿ ಗ್ರಂಥದಲ್ಲಿ ಸಂದೇಹವೇ ಇಲ್ಲದ ಭಾಗ ಅದೊಂದೇ. ದೇವನಾಗರಿಯ ಒಂದಕ್ಕೂ ಒಂಬತ್ತಕ್ಕೂ ನಡುವೆ ಇರುವುದು ಒಂದು ಕೊಂಕು. ಬಣ್ಣ ಉದುರಿ ಕೊಂಕು ಹೋದರೆ ಒಂಬತ್ತರ ಬಸ್ಸು ಒಂದರದಾಗಿ, ಪ್ರಯಾಣಿಕನ ಆಯುಷ್ಯದೊಳಗೆ ಎಂಟು ಗಂಟೆ ಪ್ರಕ್ಷೇಪವಾಗುತ್ತದೆ. ಇದರ ಮೇಲೆ ಸೀಮೆಸುಣ್ಣದ ತಿದ್ದುಪಡಿ. ಅದರ ಮೇಲೆ ಅಂಟಿಸಿದ ಹಾಳೆ. ಹಾಳೆಯ ಮೇಲೆ ಯಾರೋ ಭಾವೂಸಾಹೇಬರ ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸು. ಬಾರಾಮತಿಯಿಂದ ಭೋರದವರೆಗಿನ ಸಾಲುಗಳು ಹೀಗೆ ಗ್ರಂಥಪಾತಕ್ಕೆ ಒಳಗಾಗಿ, ಆ ಜಾಗದಲ್ಲಿ ಈಗ ಕರಿ ಕನ್ನಡಕದ ಹಲವು ಮುಖಗಳು ನಗುತ್ತಿವೆ.

ಪಾಠ ನಿರ್ಣಯಕ್ಕೆ ವಿದ್ವಾಂಸರು ಒಂದು ಬಲವಾದ ನಿಯಮ ಮಾಡಿಟ್ಟಿದ್ದಾರೆ: ಎರಡು ಪಾಠಗಳಿದ್ದಾಗ ಕ್ಲಿಷ್ಟವಾದದ್ದೇ ಮೂಲದ್ದು, ಯಾಕೆಂದರೆ ಲಿಪಿಕಾರ ಕಷ್ಟದ್ದನ್ನು ಸುಲಭ ಮಾಡುತ್ತಾನೆಯೇ ಹೊರತು ಸುಲಭವಾದದ್ದನ್ನು ಕಷ್ಟ ಮಾಡುವುದಿಲ್ಲ. ಈ ನಿಯಮವನ್ನು ವೇಳಾಪಟ್ಟಿಗೆ ಹಚ್ಚಿದಾಗ ಸಿಕ್ಕ ಫಲ ಬೆರಗು ಹುಟ್ಟಿಸುವಂಥದ್ದು. ಗೋಡೆಯಲ್ಲಿ ಬೆಳಿಗ್ಗೆ ಎಂಟು, ಹಾಳೆಯಲ್ಲಿ ಬೆಳಿಗ್ಗೆ ಐದೂಕಾಲು ಎಂದಿದ್ದರೆ ಕಣ್ಣು ಮುಚ್ಚಿ ಐದೂಕಾಲನ್ನು ಹಿಡಿಯಬೇಕು. ನಿಯಮ ತಪ್ಪಿದ್ದನ್ನು ಮಂಡಳಿ ಇನ್ನೂ ಕಂಡಿಲ್ಲ.

ವಿಚಾರಣೆಯ ಕಿಟಕಿಯನ್ನು ಒಂದು ಹಸ್ತಪ್ರತಿಯೆಂದು ಎಣಿಸಬೇಕೋ ಭಾಷ್ಯವೆಂದು ಎಣಿಸಬೇಕೋ ಎಂಬಲ್ಲಿ ಮಂಡಳಿ ಒಡೆಯಿತು. ‘ಲಾಗೇಲ್’ ಎಂಬ ಉತ್ತರ ಅಲ್ಲಿ ಸಾಮಾನ್ಯ; ಬಸ್ಸು ಪ್ಲಾಟ್‌ಫಾರ್ಮಿಗೆ ಹತ್ತೀತು ಎಂದು ಅರ್ಥ. ನಮ್ಮಲ್ಲಿ ಜೈನ ಸಾಹಿತ್ಯ ಓದಿಕೊಂಡಿದ್ದವರೊಬ್ಬರು ಇದನ್ನು ಸ್ಯಾದ್ವಾದವೆಂದು ತಕ್ಷಣ ಗುರುತಿಸಿದರು: ಬಸ್ಸು ಇರಬಹುದು, ಇಲ್ಲದಿರಬಹುದು, ಇದ್ದೂ ಇಲ್ಲದಿರಬಹುದು, ಹೇಳಬಾರದ್ದಾಗಿರಬಹುದು. ಶ್ರವಣಬೆಳಗೊಳದಲ್ಲಿ ವರ್ಷಗಟ್ಟಲೆ ಕೂತು ಕಲಿಯುವುದನ್ನು ಕಿಟಕಿಯವರು ಒಂದೇ ಶಬ್ದದಲ್ಲಿ ಮುಗಿಸುತ್ತಾರೆ.

ಮೌಖಿಕ ಪರಂಪರೆ

ಲಿಖಿತ ಪ್ರತಿಗಳೆಲ್ಲ ಕೈಕೊಟ್ಟ ಮೇಲೆ ಮಂಡಳಿ ಮೌಖಿಕ ಪರಂಪರೆಯತ್ತ ತಿರುಗಿತು. ಇಲ್ಲಿ ಅಗ್ರಮಾನ್ಯರು ಅಜ್ಜಿಯರು. 2022ರಿಂದ ಎಸ್‌ಟಿಯಲ್ಲಿ 75 ದಾಟಿದವರಿಗೆ ಟಿಕೀಟೇ ಇಲ್ಲ, 2023ರ ಮಾರ್ಚಿನಿಂದ ಹೆಂಗಸರೆಲ್ಲರಿಗೂ ಅರ್ಧ ದರ. ನಮ್ಮ ಕಡೆ ಅದೇ ವರ್ಷದ ಜೂನಿನಲ್ಲಿ ‘ಶಕ್ತಿ’ ಬಂದು ವಯಸ್ಸಿನ ಮಾತೇ ಇಲ್ಲದಂತಾಯಿತು. ಇಲ್ಲಿ ಮಾತ್ರ ಪಾಂಡಿತ್ಯಕ್ಕೆ 75ರ ಗಡಿ ಇನ್ನೂ ಉಳಿದಿದೆ. ಕಾಪೂರಹೋಳ ಫಾಟಾದಲ್ಲಿ ಕಾಯಿಪಲ್ಲೆಯ ಚೀಲದ ಮೇಲೆ ಕೂತಿದ್ದ ಒಬ್ಬ ಮಹಾವಿದುಷಿಯೊಡನೆ ನಡೆದ ಸಂವಾದವನ್ನು ಮರಾಠಿಯಿಂದ ಯಥಾವತ್ತಾಗಿ ಕೊಡುತ್ತಿದ್ದೇವೆ.

“ಆಜಿ, ಐದೂವರೆ ಬಸ್ಸು ಎಷ್ಟಕ್ಕೆ ಬರ್ತದೆ?”

“ಐದೂವರೇದು ಆರಕ್ಕೆ ಬರ್ತದಪ್ಪಾ.”

“ಹಾಗಾದ್ರೆ ಆರರದು?”

“ಆರರದು ಆಗಲೇ ಹೋಯ್ತಲ್ಲ.”

“ಈಗಿನ್ನೂ ಐದಾಗಿದೆಯಲ್ಲ ಆಜಿ!”

“ಅದು ನಿನ್ನೆ ಆರರದು. ನಿನ್ನೆ ಬರಲಿಲ್ಲ, ಇವತ್ತು ಹೋಯ್ತು. ನೀನು ಎಲ್ಲಿಯವ, ಪೇಟೆಯವನೇನು?”

ನಮ್ಮ ಸಂಶೋಧನೆಯ ತಿರುಳೆಲ್ಲ ಇಲ್ಲಿದೆ. ಐದೂವರೆ ಎಂಬುದು ಹೊತ್ತಲ್ಲ, ಬಸ್ಸಿನ ಹೆಸರು. ಸೋಮಯ್ಯ ಎಂದು ಹೆಸರಿಟ್ಟುಕೊಂಡವನು ಸೋಮವಾರ ಮಾತ್ರ ಮನೆಗೆ ಬರಬೇಕೆಂದು ಯಾರೂ ಹಟ ಹಿಡಿಯುವುದಿಲ್ಲ. ಎಷ್ಟು ತಡವಾಗಿ ಬಂದರೂ ಅದು ಐದೂವರೆಯೇ: ಅದೇ ಡ್ರೈವರು, ಅದೇ ಹಾಲಿನ ಕ್ಯಾನು, ಅದೇ ಕಾಲೇಜು ಹುಡುಗಿಯರು. ವೇಳಾಪಟ್ಟಿಯನ್ನು ಗಡಿಯಾರದ ಪಕ್ಕ ಇಟ್ಟು ಓದಿದ ಹಿಂದಿನ ವಿದ್ವಾಂಸರೆಲ್ಲ ಎಡವಿದ್ದು ಇಲ್ಲೇ. ಅದು ಹೆಸರುಗಳ ಪಟ್ಟಿ, ಸಹಸ್ರನಾಮದ ಜಾತಿಗೆ ಸೇರಿದ ಗ್ರಂಥ, ಪಾರಾಯಣಕ್ಕೆ ಒದಗುತ್ತದೆ.

ಫಾಟಾಪರ್ವ

ಫಾಟಾ ಎಂದರೆ ಹೆದ್ದಾರಿಯಿಂದ ಹಳ್ಳಿಯ ದಾರಿ ಒಡೆಯುವ ಜಾಗ, ನಮ್ಮಲ್ಲಿ ‘ಕ್ರಾಸ್’ ಎನ್ನುವುದು. ಜಿಲ್ಲೆಯ ದೊಡ್ಡ ಬಸ್ಸುಗಳಾಗಲಿ ರೈಲುಗಳಾಗಲಿ ಊರಿಗೆ ಹೋಗುವುದು ಅಪರೂಪ. ಊರಿನ ಫಾಟಾಕ್ಕೆ ಹೋಗುತ್ತವೆ. ರೈಲ್ವೆಯವರು ಇದನ್ನು ಒಂದೇ ಪದದಿಂದ ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾರೆ: ‘ರೋಡ್’. ಮಿರಜ್ ಮಾರ್ಗದಲ್ಲಿ ಸಾಸವಡ ರೋಡ್ ಎಂಬ ಸ್ಟೇಷನ್ನಿದೆ. ಸಾಸವಡ ಊರು ದಿವೆ ಘಾಟದ ಆಚೆ, ಸ್ಟೇಷನ್ನು ಈಚೆ. ಸುಬ್ರಹ್ಮಣ್ಯ ರೋಡಿನಲ್ಲಿ ಇಳಿದು ದೇವಸ್ಥಾನ ಹುಡುಕಿದ ಕನ್ನಡಿಗನಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಅಪಾಯವಿರುವುದು ‘ರೋಡ್’ ಎಂದು ಹೇಳದ ಕಡೆ. ಅದೇ ಮಾರ್ಗದಲ್ಲಿ ಎರಡು ಸ್ಟೇಷನ್ ದಾಟಿದರೆ ಆಳಂದಿ ಬರುತ್ತದೆ. ಜ್ಞಾನೇಶ್ವರರ ಸಮಾಧಿಯಿರುವ ಆಳಂದಿ ಪುಣೆಯ ಉತ್ತರಕ್ಕೆ ಇಂದ್ರಾಯಣಿಯ ದಡದಲ್ಲಿದೆ. ಇದು ಪುಣೆಯ ಆಗ್ನೇಯಕ್ಕಿರುವ ಇನ್ನೊಂದು ಆಳಂದಿ, ಮ್ಹಾತೋಬಾಚಿ ಆಳಂದಿ. ಭಕ್ತಿಯಿಂದ ಇಲ್ಲಿ ಇಳಿದವರು ದರ್ಶನವಾಗದೆ ಹಿಂತಿರುಗಬೇಕು. ಖಂಡೋಬನ, ಅಂದರೆ ನಮ್ಮ ಮೈಲಾರನ, ಜೇಜುರಿ ಮಾತ್ರ ಮಾತು ತಪ್ಪಿಲ್ಲ: ಅದೇ ಹಳಿಯಲ್ಲಿ ಮುಂದೆ ಹೋದರೆ ಸ್ಟೇಷನ್ನೂ ಊರೂ ಒಂದೇ ಹೆಸರಿನವು, ಒಂದರ ಪಕ್ಕ ಒಂದು. ಮೈಲಾರನ ಒಕ್ಕಲಿನವರು ಭಂಡಾರ ಹಚ್ಚಿಕೊಂಡು ನೆಮ್ಮದಿಯಿಂದ ಇಳಿಯಬಹುದು.

ಫಾಟಾದ ಸಮಸ್ಯೆ ವಿಜ್ಞಾನಕ್ಕೂ ಬಗೆಹರಿದಿಲ್ಲ. ನಾಶಿಕ ರಸ್ತೆಯ ನಾರಾಯಣಗಾಂವದಿಂದ ಒಳಗೆ ಖೋಡದ ಎಂಬ ಹಳ್ಳಿಯಿದೆ. ರೇಡಿಯೊ ಗದ್ದಲ ಕಡಿಮೆಯಿರುವ ಸೀಮೆಯೆಂದು ಅದರ ಸುತ್ತ 45 ಮೀಟರ್ ಅಗಲದ 30 ಬೋಗುಣಿಗಳ ರೇಡಿಯೊ ದೂರದರ್ಶಕ ಕಟ್ಟಿದ್ದಾರೆ. ಕೋಟ್ಯಂತರ ವರ್ಷಗಳ ಹಿಂದೆ ಹೊರಟ ಅಲೆ ಅಲ್ಲಿಗೆ ತಪ್ಪದೆ ಬಂದು ಮುಟ್ಟುತ್ತದೆ. ನಾರಾಯಣಗಾಂವ ಬಿಟ್ಟ ಬಸ್ಸು ಈಗ ಎಲ್ಲಿದೆ ಎಂದು ಮಾತ್ರ ಅದು ಹೇಳಲಾರದು. ಅದನ್ನು ಹೇಳಬಲ್ಲವನು ಫಾಟಾದ ಚಹಾದಂಗಡಿಯವನು. ಅವನು ಹಾಲನ್ನು ಎರಡನೇ ಸಲ ಒಲೆಗೇರಿಸಿದರೆ ಬಸ್ಸಿಗೆ ಇನ್ನೂ ಹೊತ್ತಿದೆ. ಬೋಣಿಯಾಗದ ವಡೆಗಳನ್ನು ಮತ್ತೆ ಎಣ್ಣೆಗೆ ಬಿಟ್ಟರೆ ಬಸ್ಸು ಹತ್ತಿರದಲ್ಲಿದೆ. ಹೊಗೆಯಿಂದ ಬೆಂಕಿಯನ್ನು ಊಹಿಸಿದ ನೈಯಾಯಿಕರಿಗೆ ವಡೆಯಿಂದ ಬಸ್ಸನ್ನು ಊಹಿಸುವುದು ಹೊಳೆಯಲಿಲ್ಲ.

‘ಹಾತ ದಾಖವಾ, ಗಾಡಿ ಥಾಂಬವಾ’ ಎಂಬ ಎಸ್‌ಟಿಯ ಘೋಷಣೆಯೂ ಟೀಕೆ ಬೇಡುತ್ತದೆ: ಕೈ ತೋರಿಸಿ, ಗಾಡಿ ನಿಲ್ಲಿಸಿ. ಯಾವ ಕೈ, ಯಾವ ಭಂಗಿ ಎಂದು ಮೂಲದಲ್ಲಿ ಇಲ್ಲ. ಅಂಗೈ ಕೆಳಗೆ ಮಾಡಿ ಗಾಳಿಯನ್ನು ಸವರುವುದು ಅನುಭವಿಗಳ ಮುದ್ರೆ. ಪೇಟೆಯ ಚಾರಣಿಗರಂತೆ ಎರಡೂ ಕೈ ಮೇಲೆತ್ತಿದರೆ ಡ್ರೈವರ್ ಅದನ್ನು ಶರಣಾಗತಿಯೆಂದು ಸ್ವೀಕರಿಸಿ ಮುಂದೆ ಹೋಗುತ್ತಾನೆ.

ಬಸ್ಸು ನಿಂತ ಮೇಲೆ ಕರವಸ್ತ್ರನ್ಯಾಯ. ಕಿಟಕಿಯಿಂದ ಕರವಸ್ತ್ರ ಎಸೆದವನಿಗೆ ಅದು ಬಿದ್ದ ಸೀಟಿನ ಮೇಲೆ ಸ್ವಾಮ್ಯ ಹುಟ್ಟುತ್ತದೆ. ಪಾಂಡುರಂಗ ವಾಮನ ಕಾಣೆಯವರ ಧರ್ಮಶಾಸ್ತ್ರದ ಇತಿಹಾಸ 1930ರಿಂದ 1962ರವರೆಗೆ ಪುಣೆಯ ಅದೇ ಭಾಂಡಾರಕರ ಮಂದಿರದಿಂದಲೇ ಐದು ಸಂಪುಟಗಳಲ್ಲಿ ಹೊರಬಂತು. ದಾಯಭಾಗವಿದೆ, ಸ್ತ್ರೀಧನವಿದೆ, ಕರವಸ್ತ್ರವಿಲ್ಲ. ಎರಡು ಕರವಸ್ತ್ರ ಒಂದೇ ಸೀಟಿಗೆ ಬಿದ್ದಾಗ ಮೇಲಿನದು ಗೆಲ್ಲುತ್ತದೋ ಕೆಳಗಿನದು ಗೆಲ್ಲುತ್ತದೋ? ಆ ವೇಳೆಗೆ ಅದರ ಮೇಲೆ ಒಬ್ಬ ಆಜಿ ಕೂತಿರುವುದರಿಂದ ವ್ಯಾಜ್ಯ ತಾನಾಗಿ ಬಗೆಹರಿಯುತ್ತದೆ.

ಎಲ್ಲ ಬಸ್ಸುಗಳಲ್ಲಿ ಉತ್ತಮವಾದದ್ದು ಮುಕ್ಕಾಮ್ ಗಾಡಿ, ಬೆಳಗಾವಿ-ಧಾರವಾಡದ ಕಡೆಯ ವಸ್ತಿ ಬಸ್ಸು. ಸಂಜೆ ಪೇಟೆ ಬಿಟ್ಟು, ಫಾಟಾವನ್ನು ಕಂಡೂ ಕಾಣದಂತೆ ದಾಟಿ, ವೆಲ್ಹೆಯ ಕಡೆಯ ಯಾವುದೋ ಹಳ್ಳಿಯ ದೇವಸ್ಥಾನದೆದುರು ನಿಂತು ರಾತ್ರಿ ಕಳೆಯುತ್ತದೆ. ಊರಿನವರನ್ನು ಊರಿನವರೆಗೂ ತಲುಪಿಸುವ ಗಾಡಿ ಅದೊಂದೇ. ಡ್ರೈವರು, ಕಂಡಕ್ಟರು ಅಲ್ಲೇ ಮಲಗುತ್ತಾರೆ. ಯಾರ ಮನೆಯಿಂದಲೋ ಭಾಕರಿ, ಪಿಠಲೆ ಬರುತ್ತದೆ. ಬೆಳಿಗ್ಗೆ ಅದು ಹೊರಡುವ ಹೊತ್ತು ಯಾವ ಪ್ರತಿಯಲ್ಲಿ ಹೇಗಿದ್ದರೂ ಪರವಾಗಿಲ್ಲ: ತಾಲೂಕಿನ ಆಸ್ಪತ್ರೆಗೆ ಹೋಗಬೇಕಾದ ಬಸುರಿ ಇನ್ನೂ ಮನೆಯಿಂದ ಹೊರಟಿಲ್ಲವೆಂದರೆ ಗಾಡಿ ಹೊರಡುವುದಿಲ್ಲ. ಇಡೀ ಗ್ರಂಥದಲ್ಲಿ ಪಾಠಾಂತರವಿಲ್ಲದ ಸಾಲು ಇದೇ. ಅದನ್ನು ಯಾವ ಗೋಡೆಯ ಮೇಲೂ ಬರೆದಿಲ್ಲ.

ಪ್ರಕಟಣೆ

ಮುಂದಿನ ಸಂಪುಟಗಳಿಗಾಗಿ ಮಂಡಳಿಗೆ ಒಬ್ಬ ಸಹಾಯಕ ಸಂಶೋಧಕರು ಬೇಕಾಗಿದ್ದಾರೆ. ಒಂಟಿಕಾಲಿನಲ್ಲಿ ನಿಂತು ಓದಬಲ್ಲವರಾಗಿರಬೇಕು. ಚಿಲ್ಲರೆ ಇಟ್ಟುಕೊಂಡಿರುವವರಿಗೆ ಆದ್ಯತೆ. ಸ್ವಂತ ವಾಹನವಿರುವವರು ಅನರ್ಹರು. ಸಂದರ್ಶನ ಕಾಪೂರಹೋಳ ಫಾಟಾದ ಚಹಾದಂಗಡಿಯಲ್ಲಿ, ಐದೂವರೆ ಬಸ್ಸು ಬಂದ ಕೂಡಲೇ. ಎಷ್ಟು ಗಂಟೆಗೆ ಎಂದು ವಿಚಾರಿಸಿದವರ ಅರ್ಜಿಯನ್ನು ಪರಿಗಣಿಸಲಾಗುವುದಿಲ್ಲ.